135 ಬ್ಲಾಕ್ ಹಾಕ್ಸಮ್ಮಾ ಅಂತಾನೆ ಮಗ

ಅರಸೀಕೆರೆ ಕಡೆಯ ಓದುಗರೊಬ್ಬರು ಎರಡು ಪುಟ ತುಂಬ ಪತ್ರ ಬರೆದಿದ್ದಾರೆ. ಯಜಮಾನರು 1993ರಲ್ಲಿ ಕೊಂಡ ಯಮಹಾ ಆರ್‌ಎಕ್ಸ್ 100 ಮನೆಯಲ್ಲಿದೆ. ಅವರು ತೀರಿಕೊಂಡು ಆರು ವರ್ಷ. ಗಾಡಿ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಡಿಪ್ಲೊಮಾ ಮುಗಿಸಿದ ಮಗ ಹೋದ ವರ್ಷ ಅದನ್ನು ಈಚೆ ತೆಗೆದು ಓಡಿಸಿದ. ದೀಪಾವಳಿ ಹೊತ್ತಿಗೆ ದಾರಿ ಮಧ್ಯೆ ಎಂಜಿನ್ ಹಿಡಿದುಕೊಂಡುಬಿಟ್ಟಿತು. ಈಗ ಮೂರು ದಾರಿ ಇವೆಯಂತೆ. ಹಳೇ ಬ್ಲಾಕನ್ನೇ ಬೋರ್ ಮಾಡಿಸೋದು, ಅಂಗಡಿಯಲ್ಲಿ ಸಿಗೋ ಹೊಸ ಬ್ಲಾಕ್ ಕಿಟ್ ತಂದು ಹಾಕೋದು, ಇಲ್ಲಾಂದ್ರೆ 135 ಬ್ಲಾಕ್ ಕೂರಿಸಿ ಪಿಕಪ್ ಎತ್ತೋದು. ಮಗನ ಮನಸ್ಸು ಮೂರನೆಯದರ ಮೇಲೆ. ದುಡ್ಡು ತಾಯಿಯದು. "ನನಗೆ ಬ್ಲಾಕ್ ಅಂದರೇನು ಅಂತಲೇ ಗೊತ್ತಿಲ್ಲ. ಯಾವುದಕ್ಕೆ ದುಡ್ಡು ಕೊಡಲಿ?" ಎಂದು ಕೇಳಿದ್ದಾರೆ.

ಉತ್ತರ ಮೊದಲೇ ಹೇಳಿಬಿಡ್ತೀನಿ ಅಕ್ಕಾ. ಮೊದಲನೆಯದು ಆಗೋದಾದರೆ ಅದು. ಆಗದಿದ್ದರೆ ಎರಡನೆಯದು. ಮೂರನೆಯದು ಈ ಗಾಡಿಗೆ ಬೇಡ. ಆದರೆ "ಪತ್ರಿಕೆಯವರು ಬೇಡ ಅಂದಿದಾರೆ" ಅಂದರೆ ಇಪ್ಪತ್ತೆರಡರ ಹುಡುಗ ಕೇಳ್ತಾನಾ? ಕಾರಣ ಬೇಕು. ಅದಕ್ಕೇ ಈ ವಾರದ ಅಂಕಣ ಪೂರ್ತಿ ನಿಮ್ಮಿಬ್ಬರಿಗೆ. ಹುಡುಗನಿಗೂ ಓದಿಸಿ.

ಸೈಕಲ್ಲಿಗೆ ಗಾಳಿ ಹೊಡೆಯೋ ಪಂಪ್ ನೆನಪು ಮಾಡಿಕೊಳ್ಳಿ. ಒಳಗೆ ಮೇಲೆ ಕೆಳಗೆ ಆಡೋದು ಪಿಸ್ಟನ್, ಅದು ಆಡುವ ಕೊಳವೆಯೇ ಬ್ಲಾಕ್. ಗಾಡಿಯನ್ನು ಪಕ್ಕದಿಂದ ನೋಡಿದರೆ ಪದರ ಪದರವಾಗಿ ರೆಕ್ಕೆಗಳು ಕಾಣ್ತವಲ್ಲ, ಅದೇ. ಹೊರಗಿನ ರೆಕ್ಕೆ ಅಲ್ಯೂಮಿನಿಯಂ, ಬಿಸಿ ಬೇಗ ಗಾಳಿಗೆ ಬಿಡಲಿ ಅಂತ. ಒಳಗೆ ಪಿಸ್ಟನ್ ಉಜ್ಜುವ ಗೋಡೆ ಬೀಡಿನ ಸ್ಲೀವ್. ಮೇಲೆ ಮುಚ್ಚಳದ ಹಾಗೆ ಹೆಡ್, ಕೆಳಗೆ ಹೊಟ್ಟೆಯ ಹಾಗೆ ಕ್ರ್ಯಾಂಕ್‌ಕೇಸ್. ಈ ಹೊಟ್ಟೆಯ ಮಾತು ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಕಾರಿನವರು ಬ್ಲಾಕ್ ಅನ್ನೋದು ಬೇರೆ. ಅಲ್ಲಿ ಎಲ್ಲಾ ಸಿಲಿಂಡರೂ ಕ್ರ್ಯಾಂಕ್ ಕೂರುವ ಜಾಗವೂ ಸೇರಿ ಒಂದೇ ಎರಕ. ಅಮೆರಿಕದಲ್ಲಿ ಷೆವರ್ಲೆ 1955ರಲ್ಲಿ ತಂದ ಸಣ್ಣ ವಿ8 ಎಂಜಿನ್ನಿಗೆ ಇವತ್ತಿಗೂ ಬೇರೆ ಕಂಪನಿಗಳು ಹೊಸ ಬ್ಲಾಕ್ ಎರಕ ಹೊಯ್ದು ಮಾರುತ್ತವೆ. ಗೋಡೆ ದಪ್ಪ, ಕ್ರ್ಯಾಂಕ್ ಹಿಡಿಯೋ ಕ್ಯಾಪುಗಳು ಗಟ್ಟಿ ಅಂತ ರೇಸಿನವರು ಅದನ್ನೇ ಕೊಳ್ತಾರೆ. ಶಕ್ತಿ ಹೆಚ್ಚಿದಾಗ ಒಡೆಯದೆ ತಡೆದುಕೊಳ್ಳಲಿ ಅನ್ನೋದು ಅಲ್ಲಿನ ಲೆಕ್ಕ. ಮಗ ಫೋನಿನಲ್ಲಿ ಅಂಥ ವಿಡಿಯೋ ನೋಡಿ "ಬ್ಲಾಕ್ ಬದಲಾಯಿಸಿದರೆ ಎಂಜಿನ್ ಗಟ್ಟಿ ಆಗುತ್ತೆ" ಅಂದುಕೊಂಡಿದ್ದರೆ, ಆ ಮಾತು ನಮ್ಮ ಆರ್‌ಎಕ್ಸ್‌ಗೆ ಹೊಂದೋದಿಲ್ಲ. ಇಲ್ಲಿ ಬ್ಲಾಕ್ ಅಂದರೆ ಬರೀ ಕೊಳವೆ. ಕ್ರ್ಯಾಂಕ್ ಹಿಡಿಯುವ ಕೆಲಸ ಹೊಟ್ಟೆಯದು. ಅದು ಹಳೆಯದೇ ಇರುತ್ತೆ.

ಆದರೂ ಈ ಗಾಡಿಯಲ್ಲಿ ಬ್ಲಾಕ್ ದೊಡ್ಡ ಮನುಷ್ಯನೇ. ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲ್ ಗಾಳಿ ಒಳಗೆ ಬರೋದು, ಹೊಗೆ ಹೊರಗೆ ಹೋಗೋದು ಹೆಡ್ಡಿನಲ್ಲಿರೋ ವಾಲ್ವುಗಳಿಂದ. ಆರ್‌ಎಕ್ಸ್ ಟೂ ಸ್ಟ್ರೋಕ್. ಹೆಡ್ಡಿನಲ್ಲಿ ಪ್ಲಗ್ ಬಿಟ್ಟರೆ ಏನೂ ಇಲ್ಲ. ಬಾಗಿಲುಗಳೆಲ್ಲ ಬ್ಲಾಕಿನ ಗೋಡೆಯಲ್ಲೇ ಇವೆ, ಕಿಟಕಿ ಕೊರೆದ ಹಾಗೆ. ಅದಕ್ಕೆ ಪೋರ್ಟ್ ಅಂತಾರೆ. ಪಿಸ್ಟನ್ ಕೆಳಗೆ ಇಳೀತಾ ಮೊದಲು ಹೊಗೆಯ ಕಿಟಕಿ ತೆರೆಯುತ್ತೆ, ಸ್ವಲ್ಪ ತಡೆದು ಹೊಸ ಗಾಳಿ ಬರೋ ಕಿಟಕಿಗಳು ತೆರೆಯುತ್ತವೆ. ಯಾವುದು ಎಷ್ಟು ಹೊತ್ತು ತೆರೆದಿರಬೇಕು ಅನ್ನೋದನ್ನು ತೀರ್ಮಾನ ಮಾಡೋದು ಆ ಕಿಟಕಿಯ ಎತ್ತರ. ಹೊಗೆ ಕಿಟಕಿಯ ಮೇಲಂಚನ್ನು ಒಂದೇ ಒಂದು ಮಿಲಿಮೀಟರ್ ಎತ್ತರಿಸಿದರೆ ಅದು ತೆರೆದಿರೋ ಅವಧಿ ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚುತ್ತೆ. ಗಾಡಿ ಮೇಲಿನ ವೇಗದಲ್ಲಿ ಕೂಗಿಕೊಂಡು ಓಡುತ್ತೆ, ಕೆಳಗಿನ ವೇಗದಲ್ಲಿ ಸೊರಗುತ್ತೆ. ಸಂತೆಯಿಂದ ಹಿಂದೆ ಮೂಟೆ ಕಟ್ಟಿಕೊಂಡು ಎರಡನೇ ಗೇರಿನಲ್ಲಿ ಏರು ಹತ್ತೋ ಗಾಡಿಗೆ ಅದು ಬೇಕಾ?

ಅಂದರೆ ಹೊರಗಿನಿಂದ ಅವಳಿ ಮಕ್ಕಳ ಹಾಗೆ ಕಾಣೋ ಎರಡು ಬ್ಲಾಕುಗಳು ಒಳಗೆ ಎರಡು ಬೇರೆ ಎಂಜಿನ್ ಆಗಿರಬಹುದು. ಅದಕ್ಕೇ ಹೇಳೋದು, ಈ ಸಾಮಾನನ್ನು ಡಬ್ಬದ ಮೇಲಿನ ಚಿತ್ರ ನೋಡಿ ಕೊಳ್ಳಬಾರದು.

ಈಗ 135ಕ್ಕೆ ಬರೋಣ. ಆರ್‌ಎಕ್ಸ್ 100ರ ಬೋರ್ 50 ಮಿಲಿಮೀಟರ್, ಸ್ಟ್ರೋಕೂ 50. ಗುಣಿಸಿದರೆ 98 ಸಿಸಿ. ಆರ್‌ಎಕ್ಸ್ 135ರ ಸ್ಟ್ರೋಕ್ ಅದೇ 50, ಬೋರ್ ಮಾತ್ರ 58. ಅದು 132 ಸಿಸಿ. ಸ್ಟ್ರೋಕ್ ಒಂದೇ ಇರೋದರಿಂದ ಹುಡುಗರಿಗೆ ಆಸೆ ಹುಟ್ಟುತ್ತೆ, ಕ್ರ್ಯಾಂಕ್ ಮುಟ್ಟದೆ ಮೇಲಿನ ಕೊಳವೆ ಬದಲಾಯಿಸಿದರೆ ಸಾಕಲ್ಲ ಅಂತ. ಆಸೆ ತಪ್ಪಲ್ಲ, ಲೆಕ್ಕ ನೋಡಿ. ಸಿಸಿ ಮೂರನೇ ಒಂದು ಪಾಲಿಗಿಂತ ಹೆಚ್ಚಾಯಿತು. ಶಕ್ತಿ? 100ಕ್ಕೆ ಕಂಪನಿ ಹೇಳಿದ್ದು 11 ಕುದುರೆ, ಐದು ಗೇರಿನ 135ಕ್ಕೆ 14. ಅಂದರೆ ಕಾಲು ಪಾಲಿನಷ್ಟು ಹೆಚ್ಚು, ಅದೂ ಆ ಬ್ಲಾಕಿಗೆ ತಕ್ಕ ಕಾರ್ಬೊರೇಟರ್, ಸೈಲೆನ್ಸರ್, ಗೇರು ಎಲ್ಲ ಜೊತೆಗಿದ್ದಾಗ. ಬ್ಲಾಕ್ ಒಂದನ್ನೇ ತಂದು ಕೂರಿಸಿ 100ರ ಸೈಲೆನ್ಸರ್, 100ರ ಜೆಟ್ ಇಟ್ಟರೆ ಅಷ್ಟೂ ಬರೋದಿಲ್ಲ. ಬರಿಸಬೇಕು ಅಂದರೆ ಒಂದರ ಹಿಂದೆ ಒಂದು ಖರ್ಚು. ಮದುವೆ ಮನೆ ಖರ್ಚಿನ ಹಾಗೆ, ಮೊದಲು ಹೇಳಿದ್ದು ಒಂದು, ಕೊನೆಗೆ ಆಗೋದು ಇನ್ನೊಂದು.

ಖರ್ಚಿಗಿಂತ ನನಗೆ ಹೆಚ್ಚು ಕಾಡೋದು ಹೊಟ್ಟೆಯ ವಿಷಯ. ಸ್ಲೀವಿನ ಕೆಳತುದಿ ಕ್ರ್ಯಾಂಕ್‌ಕೇಸಿನ ಬಾಯೊಳಗೆ ಇಳಿದು ಕೂರಬೇಕು. 50ರ ಸ್ಲೀವಿಗೆ ಮಾಡಿದ ಬಾಯಲ್ಲಿ 58ರ ಸ್ಲೀವ್ ಇಳಿಯೋದಿಲ್ಲ. ಲೇತಿನವನು ಆ ಬಾಯಿಯನ್ನು ಕೊರೆದು ಅಗಲ ಮಾಡ್ತಾನೆ. ಅರ್ಧ ದಿನದ ಕೆಲಸ, ಅವನಿಗೆ ಅದೇನು ಕಷ್ಟ ಅಲ್ಲ. ಆದರೆ ಕೊರೆದ ಅಲ್ಯೂಮಿನಿಯಂ ವಾಪಸ್ ಬರಲ್ಲ. ನಾಳೆ ಮಗನಿಗೆ ಬೇಸರವಾಗಿ ಅಪ್ಪನ ಬ್ಲಾಕೇ ಹಾಕೋಣ ಅಂದರೆ ಅದು ಅಲ್ಲಿ ಸಡಿಲವಾಗಿ ನಿಲ್ಲುತ್ತೆ. ಬ್ಲಾಕ್ ಹೋದರೆ ಇನ್ನೊಂದು ಸಿಗುತ್ತೆ, ಪಿಸ್ಟನ್ ಹೋದರೆ ಇನ್ನೊಂದು ಸಿಗುತ್ತೆ. ಹೊಟ್ಟೆ ಹಾಗಲ್ಲ. ಎಂಜಿನ್ ನಂಬರ್ ಹೊಡೆದಿರೋದು ಅದರ ಮೇಲೆ. ಆರ್‌ಸಿಯಲ್ಲಿ ಬರೆದಿರೋದು ಆ ನಂಬರನ್ನೇ. 1985ರಲ್ಲಿ ಶುರುವಾಗಿ 1996ರಲ್ಲಿ ನಿಂತುಹೋದ ಗಾಡಿ ಇದು. ಆ ನಂಬರಿನ ಹೊಟ್ಟೆ ಜಗತ್ತಿನಲ್ಲಿ ಇನ್ನೊಂದಿಲ್ಲ.

ಆರ್‌ಸಿ ಮಾತು ಬಂತಲ್ಲ. ಯಜಮಾನರ ನಂತರ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡಿದ್ದೀರಿ ಅಂತ ಬರೆದಿದ್ದೀರಿ. ಹಾಗಾದರೆ ಕಾನೂನಿನ ಕಣ್ಣಲ್ಲಿ ಮಾಲೀಕರು ನೀವು, ಮಗ ಅಲ್ಲ. ಆರ್‌ಸಿಯಲ್ಲಿ ಸಿಸಿಗೆ ಒಂದು ಕಾಲಂ ಇದೆ, ಅದರಲ್ಲಿ 98 ಅಂತಿರುತ್ತೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದೆ ಇಂಥ ಬದಲಾವಣೆ ಮಾಡಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ಹೆದರಿಸೋಕೆ ಹೇಳ್ತಿಲ್ಲ. ನೂರಾರು ಗಾಡಿ ಹೀಗೇ ಓಡಾಡ್ತಿವೆ, ಯಾರು ಹಿಡೀತಾರೆ ಅಂತ ಮಗ ಕೇಳಬಹುದು. ರಸ್ತೆಯಲ್ಲಿ ಪೊಲೀಸರು ಬ್ಲಾಕ್ ಬಿಚ್ಚಿ ನೋಡಲ್ಲ, ನಿಜ. ನೋಡೋದು ಅಪಘಾತ ಆದ ಮೇಲೆ. ಇನ್ಶೂರೆನ್ಸ್ ಕಂತು 75ರಿಂದ 150 ಸಿಸಿವರೆಗೆ ಒಂದೇ ದರ್ಜೆ, ಆದ್ದರಿಂದ ಕಂತಿನಲ್ಲಿ ವ್ಯತ್ಯಾಸ ಕಾಣಲ್ಲ. ಆದರೆ ಎದುರಿನವರಿಗೆ ಪೆಟ್ಟಾಗಿ ಕೇಸು ನಡೆದಾಗ, ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಅಂತ ಗೊತ್ತಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯೋಕೆ ನಾವೇ ಕಾರಣ ಕೊಟ್ಟ ಹಾಗೆ. ಹದಿನೈದು ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ಆರ್‌ಟಿಓ ಮುಂದೆ ನಿಲ್ಲಿಸಿ ಆರ್‌ಸಿ ನವೀಕರಣ ಮಾಡಿಸಬೇಕು ಅನ್ನೋದೂ ಇದೆ.

ಇನ್ನೊಂದು ಮಾತು, ಇದು ತಾಯಿಯಾಗಿ ನಿಮಗೆ ಬೇಕಾದದ್ದು. ಆರ್‌ಎಕ್ಸ್ 100ಕ್ಕೆ ಮುಂದೆಯೂ ಡ್ರಮ್ ಬ್ರೇಕು, ಹಿಂದೆಯೂ ಡ್ರಮ್ ಬ್ರೇಕು. ಅದನ್ನು ಮಾಡಿದ್ದು 11 ಕುದುರೆಯ ಗಾಡಿಯನ್ನು ನಿಲ್ಲಿಸೋಕೆ. ಎಂಜಿನ್ನಿಗೆ ದುಡ್ಡು ಕೇಳೋ ಹುಡುಗರು ಬ್ರೇಕಿಗೆ ದುಡ್ಡು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಹಾಗಂತ ಮಗನ ಆಸೆಗೆ ತಣ್ಣೀರು ಎರಚಬೇಡಿ. ಎಂಜಿನ್ ಕಟ್ಟೋದು ಕೈಕಸುಬು, ಅದರಲ್ಲಿ ಅನ್ನ ಇದೆ. ನಿಜವಾಗಿ ರೇಸಿನ ಹುಚ್ಚಿದ್ದರೆ ಅದಕ್ಕೆ ಜಾಗ ಇದೆ. ಚೆನ್ನೈ ಹತ್ತಿರ ಇರುಂಗಾಟುಕೋಟೈಯಲ್ಲಿ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಟ್ರ್ಯಾಕ್ ಇದೆ. ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಲೈಸೆನ್ಸ್ ಕೊಡುತ್ತೆ, ಯಾವ ತರಗತಿಯಲ್ಲಿ ಎಷ್ಟು ಸಿಸಿ, ಏನು ಬದಲಾಯಿಸಬಹುದು ಅಂತ ನಿಯಮ ಬರೆದಿಟ್ಟಿರುತ್ತೆ. ಅಲ್ಲಿಗೆ ಬೇಕಾದರೆ ಕಾಗದಪತ್ರ ಸರಿಯಿರೋ ಬೇರೊಂದು ಎಂಜಿನ್ ದುಡಿದು ಕೊಳ್ಳಲಿ, ಅದರ ಬಾಯಿ ಎಷ್ಟು ಬೇಕಾದರೂ ಅಗಲ ಮಾಡಲಿ. ಅಪ್ಪನ ಗಾಡಿ ಊರಿನ ರಸ್ತೆಯಲ್ಲಿ ಓಡಲಿ.

ಸರಿ, ಹಳೇ ಬ್ಲಾಕಿಗೆ ಬರೋಣ. ಬೋರಿಗೆ ಕೊಡೋ ಮೊದಲು ಅದು ಯಾಕೆ ಹಿಡಿದುಕೊಂಡಿತು ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಹೊಸ ಬ್ಲಾಕೂ ಮುಂದಿನ ದೀಪಾವಳಿಗೆ ಹಿಡಿದುಕೊಳ್ಳುತ್ತೆ. ಮಗನಿಗೆ ಹೇಳಿ, ಬಿಚ್ಚಿದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಲಿ. ಸೈಲೆನ್ಸರ್ ಕಡೆ ಮಾತ್ರ ಉಜ್ಜಿ ಗೀರಿದ್ದರೆ ಬಿಸಿ ಹೆಚ್ಚಾಗಿದೆ, ಆಯಿಲ್ ಸಾಲದೆ ಹೋಗಿದೆ ಅಥವಾ ಎಲ್ಲಿಂದಲೋ ಕಳ್ಳಗಾಳಿ ಎಳೀತಿದೆ. ಸುತ್ತ ನಾಲ್ಕು ಮೂಲೆಯಲ್ಲಿ ಗುರುತಿದ್ದರೆ ಪಿಸ್ಟನ್ನಿಗೂ ಗೋಡೆಗೂ ನಡುವಿನ ಜಾಗ ಸಾಲದು, ಅಥವಾ ತಣ್ಣಗಿರೋ ಎಂಜಿನ್ನನ್ನು ಎಬ್ಬಿಸಿದ ಕೂಡಲೇ ಮೈಮುರಿಯೋ ಹಾಗೆ ಓಡಿಸಿದ್ದಾರೆ.

ಆರು ವರ್ಷ ಕೊಟ್ಟಿಗೆಯಲ್ಲಿ ನಿಂತ ಗಾಡಿ ಅಂದಿದ್ದೀರಿ, ಅದಕ್ಕೆ ನನ್ನ ಅನುಮಾನ ಕ್ರ್ಯಾಂಕಿನ ಎರಡು ಪಕ್ಕದ ಆಯಿಲ್ ಸೀಲುಗಳ ಮೇಲೆ. ನಿಂತ ಗಾಡಿಯಲ್ಲಿ ರಬ್ಬರ್ ಒಣಗಿ ಗಟ್ಟಿಯಾಗುತ್ತೆ. ಮ್ಯಾಗ್ನೆಟ್ ಕಡೆಯ ಸೀಲು ಹೋದರೆ ಅಲ್ಲಿಂದ ಗಾಳಿ ನುಗ್ಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತೆ, ಎಂಜಿನ್ ಕಾದು ಹೋಗುತ್ತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತೆ. ಎರಡು ಸೀಲಿನ ಬೆಲೆ ಬ್ಲಾಕಿನ ಮುಂದೆ ಏನೂ ಅಲ್ಲ. ಬ್ಲಾಕ್ ಬಿಚ್ಚಿರೋವಾಗಲೇ ಬದಲಾಯಿಸಿಬಿಡಿ. ಕ್ರ್ಯಾಂಕಿನ ಬೇರಿಂಗು ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಅದೂ ಹೋಯಿತು.

ಆಮೇಲೆ ಆಯಿಲ್ ಪಂಪ್ ಇದೆಯಾ ಕೇಳಿ. ಈ ಗಾಡಿ ಕಂಪನಿಯಿಂದ ಬರುವಾಗ 2ಟಿ ಆಯಿಲಿಗೆ ಬೇರೆ ಟ್ಯಾಂಕು, ಬೇರೆ ಪಂಪು ಇಟ್ಟುಕೊಂಡು ಬಂದಿದ್ದು. ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ಕಿತ್ತು ಪಕ್ಕಕ್ಕಿಟ್ಟು "ಪೆಟ್ರೋಲಿಗೇ ಬೆರೆಸಿಕೊಳ್ಳಿ" ಅಂದುಬಿಡ್ತಾರೆ. ಬೆರೆಸಿದರೂ ಓಡುತ್ತೆ. ಆದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ, ಎಂಜಿನ್ ಜೋರಾಗಿ ತಿರುಗ್ತಿರುತ್ತೆ, ಪೆಟ್ರೋಲ್ ಹೆಚ್ಚುಕಡಿಮೆ ನಿಂತಿರುತ್ತೆ. ಪೆಟ್ರೋಲ್ ನಿಂತರೆ ಅದರ ಜೊತೆ ಬರೋ ಆಯಿಲೂ ನಿಂತ ಹಾಗೇ. ಹಿಡಿದುಕೊಳ್ಳದೆ ಏನು ಮಾಡುತ್ತೆ? ಪಂಪ್ ಇದ್ದರೆ ಎಂಜಿನ್ ತಿರುಗುವಷ್ಟು ಹೊತ್ತು ಅದು ಸ್ವಲ್ಪವಾದರೂ ಹಾಕ್ತಾ ಇರುತ್ತೆ. ನನ್ನನ್ನು ಕೇಳಿದರೆ ಪಂಪ್ ವಾಪಸ್ ಹಾಕಿಸಿ.

ಕಾರಣ ಸಿಕ್ಕ ಮೇಲೆ ಬೋರ್. ಪಿಸ್ಟನ್‌ಗಳು ಮೂಲ ಅಳತೆಗಿಂತ 0.25, 0.50, 0.75, 1.00 ಮಿಲಿಮೀಟರ್ ದೊಡ್ಡದಾಗಿ ಸಿಗುತ್ತವೆ. ಪಿಸ್ಟನ್ನಿನ ತಲೆಯ ಮೇಲೆ ಅಂಕಿ ಹೊಡೆದಿರುತ್ತೆ. ಈಗಿರೋದು ಎರಡನೇ ಬೋರ್ ಅಂತಾದರೆ ಇನ್ನೂ ಎರಡು ಬಾಕಿ ಇವೆ. ಕೊನೇ ಬೋರಿಗೆ ಹೋದರೂ 102 ಸಿಸಿ, ಇದು ರಿಪೇರಿಯ ಲೆಕ್ಕವೇ. ಮೊದಲು ಪಿಸ್ಟನ್ ಕೊಂಡು ಲೇತಿನವನ ಕೈಗೆ ಕೊಡಿ, ಆಮೇಲೆ ಅವನು ಅದರ ಅಳತೆಗೆ ಬೋರ್ ಹೊಡೀಲಿ. ಪಿಸ್ಟನ್ ಇಲ್ಲದೆ "ಅಂದಾಜಿಗೆ ಹೊಡೆದಿಡ್ತೀನಿ" ಅನ್ನೋನ ಹತ್ತಿರ ಹೋಗಬೇಡಿ. ನಡುವೆ ಇರಬೇಕಾದ ಜಾಗ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ, ಅದನ್ನು ಅಂದಾಜಿಗೆ ಹೇಗೆ ಹೊಡೀತಾನೆ? ಬೋರ್ ಆದ ಮೇಲೆ ಕಿಟಕಿಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತೆ, ಅದನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಲೇಬೇಕು. ಮಾಡದಿದ್ದರೆ ರಿಂಗು ಅಲ್ಲಿ ತಗುಲಿ ಮುರಿಯುತ್ತೆ. ಎಲ್ಲಾ ಬೋರೂ ಮುಗಿದಿದ್ದರೆ ಹೊಸ ಸ್ಲೀವ್ ಹೊಡೆಸಬಹುದು, ಒಳ್ಳೇ ಕೈಯಿದ್ದರೆ ಅದು ಬಹಳ ವರ್ಷ ಬರುತ್ತೆ. ಆದರೆ ಸ್ಲೀವಿನ ಕಿಟಕಿಗಳು ಹೊರಗಿನ ಅಲ್ಯೂಮಿನಿಯಂ ದಾರಿಗೆ ಸರಿಯಾಗಿ ಕೂಡಬೇಕು. ಅಂಥ ಕೈಗಳು ಈಗ ಕಡಿಮೆಯಾಗ್ತಿವೆ.

ಯಾವುದೂ ಆಗದು ಅಂದಾಗ ಹೊಸ ಬ್ಲಾಕ್ ಕಿಟ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಒಂದೇ ಹೆಸರಿನ ಡಬ್ಬದಲ್ಲಿ ಎರಡು ಮೂರು ಬೆಲೆಯ ಸಾಮಾನು ತೋರಿಸ್ತಾರೆ. ಕಡಿಮೆ ಬೆಲೆಯದೇ ಕೆಟ್ಟದು, ಹೆಚ್ಚು ಬೆಲೆಯದೇ ಒಳ್ಳೆಯದು ಅಂತ ಹೇಳೋಕಾಗಲ್ಲ. ನೋಡಿ ಕೊಳ್ಳಬೇಕು. ಹಳೇ ಬ್ಲಾಕನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೇ ಒಯ್ಯಿರಿ. ಅಂಗಡಿ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಮೇಲಂಚಿನಿಂದ ಪ್ರತಿ ಕಿಟಕಿಗೆ ಎಷ್ಟು ದೂರ ಅಂತ ವರ್ನಿಯರ್ ಹಿಡಿದು ಅಳೆಯಿರಿ. ಒಂದು ಮಿಲಿಮೀಟರ್ ಆಚೀಚೆ ಇದ್ದರೂ ಏನಾಗುತ್ತೆ ಅಂತ ಆಗಲೇ ಹೇಳಿದೆ. ಕಿಟಕಿಯೊಳಗೆ ಬೆರಳು ಹಾಕಿ ಸವರಿದಾಗ ಸ್ಲೀವೂ ಅಲ್ಯೂಮಿನಿಯಂ ಕೂಡೋ ಕಡೆ ಮೆಟ್ಟಿಲು ಸಿಗಬಾರದು, ಎರಕದ ಚೂರು ಅಂಟಿಕೊಂಡಿರಬಾರದು. ಗೋಡೆಯಲ್ಲಿ ಒಂದನ್ನೊಂದು ಅಡ್ಡ ಹಾಯೋ ಸಣ್ಣ ಗೀರುಗಳು ಕಾಣಬೇಕು, ಹೋನಿಂಗ್ ಮಾಡಿದ ಗುರುತು ಅದು, ಆಯಿಲ್ ನಿಲ್ಲೋದು ಅದರಲ್ಲಿ. ಕನ್ನಡಿಯ ಹಾಗೆ ಹೊಳೆದರೆ ಬಿಡಿ. ಮನೆಗೆ ತಂದ ಮೇಲೂ ನೇರ ಕೂರಿಸಬೇಡಿ. ಲೇತಿನವನ ಹತ್ತಿರ ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಸಿ. ರಿಂಗನ್ನು ಬರೀ ಬ್ಲಾಕಿನೊಳಗಿಟ್ಟು ಅದರ ಎರಡು ತುದಿಯ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. ರಿಂಗಿನ ತುದಿ ನಿಲ್ಲಿಸೋ ಸಣ್ಣ ಪಿನ್ನು ಯಾವ ಕಿಟಕಿಯ ಮೇಲೂ ಹಾಯಬಾರದು.

ಈ ಅಳತೆಗಳನ್ನೆಲ್ಲ ಮಗನ ಕೈಯಲ್ಲೇ ಮಾಡಿಸಿ. 135ಕ್ಕೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಒಂದು ಒಳ್ಳೇ ವರ್ನಿಯರ್, ಒಂದು ಮೈಕ್ರೋಮೀಟರ್ ಬರುತ್ತೆ.

ಹಳೇ ಬ್ಲಾಕನ್ನು ಗುಜರಿಯವನು ಕೇಳ್ತಿದ್ದಾನೆ ಅಂತ ಬರೆದಿದ್ದೀರಿ. ಕೊಡಬೇಡಿ. ಕಂಪನಿ ಎರಕದ ಬ್ಲಾಕು, ಸ್ಲೀವ್ ಹೊಡೆಸಿದರೆ ಮತ್ತೆ ಜೀವ ಬರೋ ಸಾಮಾನು. ಒಳಗೆ ಆಯಿಲ್ ಸವರಿ, ಬಟ್ಟೆ ಸುತ್ತಿ ಅಟ್ಟದ ಮೇಲಿಡಿ.

ಕೂರಿಸಿದ ಮೇಲೆ ಮೊದಲ 500 ಕಿಲೋಮೀಟರ್ ಹುಡುಗ ಕೈ ಹಿಡಿತದಲ್ಲಿಟ್ಟುಕೊಳ್ಳಬೇಕು. ಅರ್ಧ ಆಕ್ಸಿಲರೇಟರ್ ದಾಟಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು, ಹಿಂದೆ ಭಾರ ಹೇರಬಾರದು. ಪಂಪ್ ಇದ್ದರೂ ಮೊದಲ ಟ್ಯಾಂಕು ಪೆಟ್ರೋಲಿಗೆ ಸ್ವಲ್ಪ 2ಟಿ ಬೆರೆಸಿಕೊಳ್ಳಲಿ. ಇಪ್ಪತ್ತು ಮೂವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಪೂರ್ತಿ ತಣ್ಣಗಾಗೋಕೆ ಬಿಡಲಿ, ಒಂದು ಟೀ ಕುಡಿಯೋ ಹೊತ್ತು ಸಾಲದು, ಊಟದ ಹೊತ್ತು ಬೇಕು. ಮೊದಲ ದಿನ ಓಡಿಸಿ ನಿಲ್ಲಿಸಿದ ಮಾರನೇ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಹೆಡ್ಡಿನ ನಾಲ್ಕೂ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿದು ನೋಡಲಿ.